ಮಂಗಳವಾರದ ಸ್ಟೌಟ್‌ನಲ್ಲಿ ಬೆಣ್ಣೆ ವಾಸನೆ, ಜೊತೆಗೆ ಹುಳಿ. ಕೆಟ್ಟಿತ್ತಾ?

ಕಪ್ಪುನೊರೆ:

ಎಲ್ಲರಿಗೂ ನಮಸ್ಕಾರ. ಬ್ರೂವರಿಯಲ್ಲಿ ಕೆಲಸ ಮಾಡುವವರು ಇಲ್ಲಿ ಒಂದಿಬ್ಬರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಬೆಂಗಳೂರಲ್ಲಿ ನಮ್ಮ ಮನೆ ಹತ್ತಿರ ತಾವೇ ಬಿಯರ್ ಮಾಡಿ ಅಲ್ಲೇ ಮಾರುವ ಒಂದು ಮೈಕ್ರೋಬ್ರೂವರಿ ಇದೆ. ಹೆಸರು ಹೇಳುವುದಿಲ್ಲ, ಯಾಕಂದ್ರೆ ಎರಡು ವರ್ಷದಿಂದ ಹೋಗುತ್ತಿದ್ದೇನೆ, ಒಳ್ಳೆಯ ಜನ, ಸುಮ್ನೆ ಅವರ ಹೆಸರು ಕೆಡುವುದು ಬೇಡ. ಅವರ ಸ್ಟೌಟ್, ಅಂದ್ರೆ ಕಪ್ಪು ಬಿಯರ್, ನನಗೆ ಬಾಯಿಪಾಠ ಆಗಿಬಿಟ್ಟಿದೆ. ಮೊದಲು ಹುರಿದ ಕಾಫಿಬೀಜದ ವಾಸನೆ, ಆಮೇಲೆ ಸ್ವಲ್ಪ ಕಪ್ಪು ಚಾಕೊಲೇಟ್, ನುಂಗಿದ ಮೇಲೆ ನಾಲಿಗೆಯ ಹಿಂದೆ ಉಳಿಯುವ ಕಹಿ. ನೊರೆ ಕಂದು ಬಣ್ಣದ್ದು, ಗ್ಲಾಸ್ ಖಾಲಿ ಆಗುವವರೆಗೂ ಇರುತ್ತದೆ.

ಮೊನ್ನೆ ಮಂಗಳವಾರ ರಜೆ ಇತ್ತು, ಗೆಳೆಯನ ಜೊತೆ ಮಧ್ಯಾಹ್ನ ಬಾಗಿಲು ತೆಗೆದ ಕೂಡಲೇ ಹೋದೆವು. ಆವತ್ತಿನ ಮೊದಲ ಗಿರಾಕಿ ನಾವೇ. ಸ್ಟೌಟ್ ಬಂತು. ಮೂಗಿನ ಹತ್ತಿರ ತಂದಾಗಲೇ ಏನೋ ಬೇರೆ ಅನ್ನಿಸಿತು. ಥಿಯೇಟರ್‌ನಲ್ಲಿ ಇಂಟರ್‌ವಲ್ ಹೊತ್ತಿಗೆ ಬರುತ್ತಲ್ಲ, ಪಾಪ್‌ಕಾರ್ನ್ ಮೇಲಿನ ಬೆಣ್ಣೆಯ ವಾಸನೆ, ಅದೇ. ಒಂದು ಗುಟುಕು ಕುಡಿದರೆ ನಾಲಿಗೆಯ ಎರಡೂ ಅಂಚು ಚುರುಚುರು ಅಂತು. ಹುಳಿ ಮಜ್ಜಿಗೆಗೆ ಡಿಕಾಕ್ಷನ್ ಸುರಿದರೆ ಹೇಗಿರಬಹುದೋ ಹಾಗೆ. ನುಂಗಿದ ಮೇಲೆ ಬಾಯಿಯ ಅಂಗಳದಲ್ಲಿ ಒಂದು ಥರ ಜಿಡ್ಡು. ಗೆಳೆಯ ಕುಡಿದು ನೋಡಿ ‘ಸ್ವಲ್ಪ ಹುಳಿ ಇದೆ, ಬೆಣ್ಣೆಗಿಣ್ಣೆ ಏನೂ ಇಲ್ಲ ಕಣೋ’ ಅಂದ. ತಂದುಕೊಟ್ಟ ಹುಡುಗನನ್ನು ಕೇಳಿದರೆ ‘ಹೊಸ ಬ್ಯಾಚ್ ಸರ್, ಸ್ವಲ್ಪ ಫ್ರೂಟಿ ಆಗಿದೆ’ ಅಂದ. ವಾಪಸ್ ಕೊಡಲು ಸಂಕೋಚ ಆಗಿ ಪೂರ್ತಿ ಕುಡಿದೆ.

ನನಗೆ ಅರ್ಥವಾಗದೇ ಇರುವುದು ಮುಂದಿನದು. ಒಂದು ಗಂಟೆ ಬಿಟ್ಟು ಇನ್ನೊಂದು ಹೇಳಿದೆ, ಅದು ಬಹಳ ಮಟ್ಟಿಗೆ ಸರಿಯಾಗಿತ್ತು. ಅದೇ ಟ್ಯಾಪ್, ಅದೇ ಬಿಯರ್. ಹಾಗಾದ್ರೆ ಮೊದಲನೆಯದು ಕೆಟ್ಟಿತ್ತಾ, ನನ್ನ ನಾಲಿಗೆಯೇ ಆವತ್ತು ಸರಿ ಇರಲಿಲ್ವಾ? ಕೆಟ್ಟಿದ್ದರೆ ಹೊಟ್ಟೆಗೆ ಏನಾದರೂ ಆಗುತ್ತಾ? ಮತ್ತೆ ಹೀಗಾದರೆ ವಾಪಸ್ ಕೊಡುವುದು ಸರಿಯಾ?

ಮಾಲ್ಟ್‌ಮನೆ:

ನಿಮ್ಮ ನಾಲಿಗೆ ಸರಿಯಾಗೇ ಇದೆ ಸರ್. ನೀವು ಬರೆದಿದ್ದನ್ನು ಓದುತ್ತಾ ಹೋದ ಹಾಗೆ ನನಗೆ ಆ ಗ್ಲಾಸ್ ಕಣ್ಣಿಗೆ ಕಟ್ಟಿತು. ಎಂಟು ವರ್ಷದಿಂದ ಬ್ರೂವರ್ ಕೆಲಸ ಮಾಡುತ್ತಿದ್ದೇನೆ, ಇದನ್ನು ನಾನೂ ಕುಡಿದಿದ್ದೇನೆ.

ಬೆಣ್ಣೆ ವಾಸನೆ ಕೊಡುವ ವಸ್ತುವಿನ ಹೆಸರು ಡಯಾಸಿಟೈಲ್. ಒಂದು ಲೀಟರ್‌ನಲ್ಲಿ 0.1 ಮಿಲಿಗ್ರಾಂ ಆಸುಪಾಸು ಇದ್ದರೂ ಮೂಗು ಚುರುಕಾಗಿರುವವರಿಗೆ ತಿಳಿದುಬಿಡುತ್ತದೆ. ಆದರೆ ಎಲ್ಲರಿಗೂ ಅಲ್ಲ. ಕೆಲವರಿಗೆ ಎಷ್ಟಿದ್ದರೂ ಗೊತ್ತೇ ಆಗುವುದಿಲ್ಲ, ಅದು ಹುಟ್ಟಿನಿಂದ ಬಂದಿದ್ದು. ನಿಮ್ಮ ಗೆಳೆಯ ಆ ಪೈಕಿ ಇರಬಹುದು. ನಮ್ಮಲ್ಲೂ ಒಬ್ಬರಿದ್ದಾರೆ, ಬಿಯರ್ ಬಗ್ಗೆ ನನಗಿಂತ ಜಾಸ್ತಿ ಗೊತ್ತು, ಆದರೆ ಡಯಾಸಿಟೈಲ್ ನೋಡಬೇಕಾದಾಗ ಅವರನ್ನು ಕೇಳುವುದಿಲ್ಲ.

ಈ ಬೆಣ್ಣೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಬಿಯರ್ ಹುದುಗಿಸುವ ಸೂಕ್ಷ್ಮಜೀವಿ ಯೀಸ್ಟ್‌ನಿಂದಲೇ. ಹುದುಗುವಾಗ ಯೀಸ್ಟ್ ಡಯಾಸಿಟೈಲ್‌ಗೆ ದಾರಿ ಮಾಡುವ ಒಂದು ವಸ್ತುವನ್ನು ಹೊರಗೆ ಬಿಡುತ್ತದೆ, ಅದು ಡಯಾಸಿಟೈಲ್ ಆದ ಮೇಲೆ ಅದೇ ಯೀಸ್ಟ್ ಅದನ್ನು ವಾಪಸ್ ತಿಂದು ಮುಗಿಸುತ್ತದೆ. ಟ್ಯಾಂಕ್ ಬೇಗ ಖಾಲಿ ಆಗಬೇಕು ಅಂತ ಅವಸರ ಮಾಡಿ ತಣ್ಣಗೆ ಮಾಡಿಬಿಟ್ಟರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ದಾರಿ, ಪೀಡಿಯೋಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಅದು ಹುಳಿಯನ್ನೂ ಮಾಡುತ್ತದೆ, ಬೆಣ್ಣೆಯನ್ನೂ ಮಾಡುತ್ತದೆ. ಬರೀ ಬೆಣ್ಣೆ ಇದ್ದರೆ ನಾನು ಮೊದಲು ಯೀಸ್ಟ್ ಕಡೆ ನೋಡುತ್ತೇನೆ. ಬೆಣ್ಣೆಯ ಜೊತೆ ಹುಳಿ ಇದ್ದರೆ, ಯಾರೋ ಕರೆಯದ ನೆಂಟರು ಒಳಗೆ ಬಂದಿದ್ದಾರೆ ಅಂತಲೇ ಲೆಕ್ಕ.

ಇನ್ನು ಎರಡನೇ ಗ್ಲಾಸ್ ಯಾಕೆ ಸರಿಯಾಗಿತ್ತು ಅನ್ನುವುದು. ಇದೇ ನೀವು ಬರೆದದ್ದರಲ್ಲಿ ಮುಖ್ಯವಾದ ಮಾತು. ಟ್ಯಾಂಕ್‌ನಿಂದ ಟ್ಯಾಪ್‌ವರೆಗೆ ಪೈಪ್ ಇರುತ್ತದಲ್ಲ, ಅದಕ್ಕೆ ಲೈನ್ ಅಂತೀವಿ. ಒಳಗಿನ ಅಗಲ 6 ಮಿಲಿಮೀಟರ್, ಉದ್ದ 10 ಮೀಟರ್ ಅಂತ ಇಟ್ಟುಕೊಳ್ಳಿ. ಅದರೊಳಗೆ ಸುಮಾರು 280 ಮಿಲಿ ಬಿಯರ್ ನಿಂತಿರುತ್ತದೆ. ಅಂದ್ರೆ ಹೆಚ್ಚುಕಮ್ಮಿ ನಿಮ್ಮ ಒಂದು ಗ್ಲಾಸ್! ಹಿಂದಿನ ರಾತ್ರಿ ಕೊನೆಯ ಗಿರಾಕಿ ಎದ್ದು ಹೋದಾಗಿನಿಂದ ಆ ಬಿಯರ್ ಪೈಪ್‌ನಲ್ಲೇ ಕೂತಿತ್ತು. ಪೈಪ್‌ನ ಗೋಡೆಗೆ ಲೋಳೆ ಕಟ್ಟಿದ್ದರೆ ರಾತ್ರಿಯೆಲ್ಲ ಆ ಲೋಳೆಯನ್ನು ಮುಟ್ಟಿಕೊಂಡೇ ಇತ್ತು. ಮಂಗಳವಾರ ಅಂತೀರಿ, ಸೋಮವಾರ ವ್ಯಾಪಾರ ಕಮ್ಮಿ, ನಮ್ಮ ಊರಲ್ಲಿ ವೀಟ್ ಬಿಯರ್ ಓಡಿದ ಹಾಗೆ ಸ್ಟೌಟ್ ಓಡುವುದಿಲ್ಲ. ಭಾನುವಾರದಿಂದಲೇ ನಿಂತಿದ್ದರೂ ಆಶ್ಚರ್ಯ ಇಲ್ಲ. ನಿಮ್ಮ ಮೊದಲ ಗ್ಲಾಸ್ ಪೈಪ್‌ನದು, ಎರಡನೆಯದು ಟ್ಯಾಂಕ್‌ನದು.

ಲೈನ್‌ಗೆ ಎರಡು ವಾರಕ್ಕೊಮ್ಮೆ 2% ಕಾಸ್ಟಿಕ್ ಸೋಡಾ ದ್ರಾವಣವನ್ನು ಪಂಪ್ ಹಾಕಿ 15 ನಿಮಿಷ ಓಡಿಸಬೇಕು, ಟ್ಯಾಪ್ ಬಿಚ್ಚಿ ಒಳಗಿನ ಒಂದೊಂದು ಭಾಗವನ್ನೂ ಬ್ರಷ್‌ನಿಂದ ಉಜ್ಜಬೇಕು, ಮೂರು ತಿಂಗಳಿಗೊಮ್ಮೆ ಆಸಿಡ್ ಹಾಕಿ ಕಲ್ಲಿನ ಹಾಗೆ ಕಟ್ಟಿದ್ದನ್ನು ತೆಗೆಯಬೇಕು. ಜನ ಲೈನ್ ತೊಳೆಯುತ್ತಾರೆ, ಟ್ಯಾಪ್ ಬಿಚ್ಚುವುದಿಲ್ಲ. ತಪ್ಪು ಆಗುವುದೇ ಅಲ್ಲಿ. ಟ್ಯಾಪ್‌ಗೆ ಗಾಳಿಯೂ ಸಿಗುತ್ತದೆ, ಬಿಯರೂ ಸಿಗುತ್ತದೆ, ಹಾಗಾಗಿ ಅಲ್ಲಿ ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್ ಕೂಡ ಬಂದು ಸೇರುತ್ತದೆ.

ವಾಪಸ್ ಕೊಡಿ ಸರ್, ಖಂಡಿತ ಕೊಡಿ. ನೀವು ಸುಮ್ಮನೆ ಕುಡಿದು ಎದ್ದು ಹೋದರೆ ಬ್ರೂವರ್‌ಗೆ ಗೊತ್ತಾಗುವುದೇ ಇಲ್ಲ. ಅವನು ಬೆಳಿಗ್ಗೆ ರುಚಿ ನೋಡುವುದು ಟ್ಯಾಂಕ್ ಹತ್ತಿರ ನಿಂತು. ಟ್ಯಾಪ್ ಹತ್ತಿರ ಅಲ್ಲ.

ಪ್ರಯೋಗಶಾಲೆ_ಅಕ್ಕ:

ಹೊಟ್ಟೆಯ ವಿಷಯ ನಾನು ಹೇಳುತ್ತೇನೆ. ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ, ಬಿಯರ್ ನಮ್ಮ ಪಠ್ಯದಲ್ಲೇ ಬರುತ್ತದೆ.

ಗಾಬರಿ ಬೇಡ. ಕಾಯಿಲೆ ತರುವ ಬ್ಯಾಕ್ಟೀರಿಯಾಗೆ ಮಾಮೂಲಿ ಬಿಯರ್ ಒಂದು ಕೆಟ್ಟ ಮನೆ. ಪಿಎಚ್ 4ರಿಂದ 4.5ರ ಆಸುಪಾಸು, ಅಂದ್ರೆ ಆಗಲೇ ಹುಳಿ. ಮೇಲೆ ಆಲ್ಕೊಹಾಲ್, ಮೇಲೆ ಹಾಪ್ಸ್ ಅನ್ನುವ ಹೂವಿನ ಕಹಿ, ಒಳಗೆಲ್ಲ ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಸಾಲ್ಮೊನೆಲ್ಲಾ, ಇ. ಕೋಲಿ ಇಂಥವು ಇಷ್ಟನ್ನೆಲ್ಲ ದಾಟಿ ಬೆಳೆಯುವುದು ಬಹಳ ಕಷ್ಟ. ಆಲ್ಕೊಹಾಲ್ ಇಲ್ಲದ ಬಿಯರ್‌ಗೆ ಮಾತ್ರ ಈ ಮಾತು ಅನ್ವಯ ಆಗುವುದಿಲ್ಲ, ಅಲ್ಲಿ ಒಂದು ಬೇಲಿ ಬಿದ್ದುಹೋಗಿರುತ್ತದೆ, ಅದಕ್ಕೇ ಅದನ್ನು ಮಾಡುವವರು ಇನ್ನೂ ಹುಷಾರಾಗಿರಬೇಕು.

ಹಾಪ್ಸ್‌ನ ಕಹಿ, ಹುಳಿ ಮಾಡುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಜಾತಿಯನ್ನೂ ತಡೆಯುತ್ತದೆ. ಆದರೆ ಬಿಯರ್ ಕೆಡಿಸುವ ಕೆಲವು ತಳಿಗಳಲ್ಲಿ ಹಾರ್‌ಎ ಅನ್ನುವ ಜೀನ್ ಇರುತ್ತದೆ. ಒಳಗೆ ಬಂದ ಕಹಿಯನ್ನು ಅದು ಪಂಪ್ ಹಾಗೆ ಹೊರಗೆ ತಳ್ಳುತ್ತದೆ. ಹಾಗಾಗಿ ಬೇರೆಯವು ಸಾಯುವ ಕಡೆ ಇವು ಆರಾಮಾಗಿ ಬದುಕುತ್ತವೆ. ಇವುಗಳ ನೆಂಟರನ್ನು ನೀವು ದಿನಾ ತಿನ್ನುತ್ತೀರಿ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿ ಹುಳಿ ಬಂದಿರುತ್ತಲ್ಲ, ಅದನ್ನು ಮಾಡುವುದು ಇದೇ ಬಳಗದ ಲ್ಯೂಕೊನೊಸ್ಟಾಕ್ ಮತ್ತು ಲ್ಯಾಕ್ಟೋಬ್ಯಾಸಿಲಸ್. ಹಿಟ್ಟಿನಲ್ಲಿ ಬೇಕಾದ ಹುಳಿ ಸ್ಟೌಟ್‌ನಲ್ಲಿ ಬೇಡ, ಅಷ್ಟೇ ವ್ಯತ್ಯಾಸ.

ಎರಡು ಎಚ್ಚರಿಕೆ ಮಾತ್ರ ಇವೆ. ಬ್ಯಾಕ್ಟೀರಿಯಾ ಸೇರಿದ ಬಿಯರ್‌ನಲ್ಲಿ ಟೈರಮಿನ್, ಹಿಸ್ಟಮಿನ್ ಅನ್ನುವ ರಾಸಾಯನಿಕಗಳು ಜಾಸ್ತಿ ಆಗಬಹುದು. ಖಿನ್ನತೆ ಮುಂತಾದವಕ್ಕೆ ಕೊಡುವ ಎಂಎಒ ಇನ್ಹಿಬಿಟರ್ ಅನ್ನುವ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಟ್ಯಾಪ್ ಬಿಯರ್ ಬೇಡ ಅಂತ ಡಾಕ್ಟರು ಹೇಳುವುದು ಇದಕ್ಕೇ. ಅದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡನೆಯದು ಬಾಟಲಿ. ಬಾಟಲಿಯೊಳಗೆ ಕಾಡು ಯೀಸ್ಟ್ ಸೇರಿ ಉಳಿದ ಸಕ್ಕರೆಯನ್ನೆಲ್ಲ ತಿಂದರೆ ಒತ್ತಡ ಏರಿ ಗಾಜು ಒಡೆಯಬಹುದು. ಡಯಾಸ್ಟಾಟಿಕಸ್ ಅನ್ನುವ ಯೀಸ್ಟ್ ಮಾಮೂಲಿ ಯೀಸ್ಟ್ ತಿನ್ನಲಾಗದೆ ಬಿಟ್ಟ ಡೆಕ್ಸ್‌ಟ್ರಿನ್ ಅನ್ನುವ ಉದ್ದನೆಯ ಸಕ್ಕರೆ ಸರಪಳಿಗಳನ್ನೂ ಒಡೆದು ತಿನ್ನುತ್ತದೆ. ಮುಚ್ಚಳ ತೆಗೆದ ಕೂಡಲೇ ನೊರೆ ಚಿಮ್ಮುವ ಬಾಟಲಿ ಮನೆಯಲ್ಲಿ ಒಂದು ಕಂಡರೆ, ಅದೇ ಬ್ಯಾಚ್‌ನ ಉಳಿದವನ್ನು ಫ್ರಿಜ್‌ನಲ್ಲಿ ತಣ್ಣಗೆ ಇಡಿ, ಬರಿಗೈಯಲ್ಲಿ ಅಲ್ಲಾಡಿಸಬೇಡಿ.

ಈ ಜಗಳ ಹೊಸದಲ್ಲ. ಬಿಯರ್ ಯಾಕೆ ಕೆಡುತ್ತದೆ ಅಂತ ಲೂಯಿ ಪಾಶ್ಚರ್ 1876ರಲ್ಲಿ ಒಂದು ಇಡೀ ಪುಸ್ತಕ ಬರೆದರು. 1883ರಲ್ಲಿ ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹಾನ್ಸೆನ್ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದು ಕೂಡ ಇದೇ ಕಾಟಕ್ಕೆ.

ತೋಟದ_ಹುಡುಗ:

ಎಲ್ಲ ಸರಿ, ಆದರೆ ಒಂದು ಮಾತು ಕೇಳುತ್ತೇನೆ. ಹುಳಿ ಬಿಯರ್ ಅಂತಲೇ ಮಾರುತ್ತಾರಲ್ವಾ? ಬೆಲ್ಜಿಯಂನ ಲ್ಯಾಂಬಿಕ್ ಬಗ್ಗೆ ಓದಿದ್ದೇನೆ, ಬ್ರಸೆಲ್ಸ್ ಸುತ್ತಮುತ್ತ ರಾತ್ರಿಯೆಲ್ಲ ಬಾಯಿ ತೆರೆದ ಅಗಲದ ತೊಟ್ಟಿಯಲ್ಲಿ ಧಾನ್ಯದ ಬಿಸಿ ರಸ ಆರಲು ಬಿಡುತ್ತಾರೆ, ಗಾಳಿಯಿಂದ, ಕಟ್ಟಡದಿಂದ, ಮರದ ಪೀಪಾಯಿಯಿಂದ ಬಂದದ್ದೆಲ್ಲ ಅದರಲ್ಲಿ ಹುದುಗುತ್ತದೆ. ಅದಕ್ಕೆ ದುಬಾರಿ ಬೆಲೆ. ಅದೇ ನಮ್ಮ ಪೈಪ್‌ನಲ್ಲಿ ಆದರೆ ‘ಕೆಟ್ಟದ್ದು’. ನಮ್ಮ ಕಡೆ ಬೆಳಿಗ್ಗೆ ಇಳಿಸಿದ ನೀರಾ ಸಿಹಿ, ಮಧ್ಯಾಹ್ನಕ್ಕೆ ಕಳ್ಳು, ಸಂಜೆಗೆ ಹುಳಿ ಕಳ್ಳು. ಮೂರಕ್ಕೂ ಗಿರಾಕಿ ಇದ್ದರು. ಹುಳಿ ಬಂದಿದ್ದನ್ನು ಚೆಲ್ಲಿಬಿಡಬೇಕು ಅಂತ ಯಾಕೆ?

ಮಾಲ್ಟ್‌ಮನೆ:

ಒಳ್ಳೆಯ ಪ್ರಶ್ನೆ ಕೇಳಿದಿರಿ ತಮ್ಮಾ. ನೀರಾ ಇಳಿಸುವವರು ಮಡಕೆಗೆ ಒಳಗೆ ಸುಣ್ಣ ಬಳಿಯುತ್ತಾರೆ ಅಲ್ವಾ? ಹುಳಿ ಬರಬಾರದು ಅಂತ. ಬಳಿಯದೇ ಬಿಟ್ಟರೆ ಕಳ್ಳು. ಸುಣ್ಣ ಬಳಿಯಬೇಕೋ ಬಿಡಬೇಕೋ ಅಂತ ಮರ ಹತ್ತುವ ಮೊದಲೇ ತೀರ್ಮಾನ ಆಗಿರುತ್ತದೆ. ನಾನು ಹೇಳುವುದೂ ಅದನ್ನೇ.

ಲ್ಯಾಂಬಿಕ್ ಮಾಡುವವನು ಮೊದಲ ದಿನದಿಂದ ಆ ಹುಳಿಗೆ ಅಂತಲೇ ಎಲ್ಲ ಸಿದ್ಧ ಮಾಡಿರುತ್ತಾನೆ. ಮೊಳಕೆ ಬರಿಸದ ಗೋಧಿ, ಕಹಿ ಹೋದ ಹಳೇ ಹಾಪ್ಸ್, ಒಂದರಿಂದ ಮೂರು ವರ್ಷ ಮರದ ಪೀಪಾಯಿ. ಅಲ್ಲೂ ಪೀಡಿಯೋಕಾಕಸ್ ಬರುತ್ತದೆ, ಅಲ್ಲೂ ಬೆಣ್ಣೆ ವಾಸನೆ ಬರುತ್ತದೆ, ನಡುವೆ ಒಂದಷ್ಟು ಕಾಲ ಬಿಯರ್ ಎಣ್ಣೆ ಥರ ಎಳೆ ಎಳೆ ಆಗುವುದೂ ಉಂಟು. ಆದರೆ ಆಮೇಲೆ ಬ್ರೆಟನೋಮೈಸಿಸ್ ಯೀಸ್ಟ್ ನಿಧಾನಕ್ಕೆ ಅದನ್ನೆಲ್ಲ ತಿಂದು ಸರಿ ಮಾಡುತ್ತದೆ, ತಿಂಗಳುಗಟ್ಟಲೆ. ಇಂಗ್ಲೆಂಡಿನ ಹಳೇ ಬಿಯರ್‌ಗಳಲ್ಲಿ ಆ ಯೀಸ್ಟ್ ಇದ್ದಿದ್ದನ್ನು 1904ರಲ್ಲಿ ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್ ಗುರುತಿಸಿದರು, ಹೆಸರಿನ ಅರ್ಥವೇ ಬ್ರಿಟಿಷ್ ಶಿಲೀಂಧ್ರ ಅಂತ. ನಮ್ಮ ಪೈಪ್‌ನಲ್ಲಿ ಆ ಕೆಲಸ ಮಾಡುವವರು ಯಾರೂ ಇಲ್ಲ. ಪೀಡಿಯೋಕಾಕಸ್ ಅರ್ಧ ಕೆಲಸ ಮಾಡಿರುತ್ತದೆ, ಅಷ್ಟರಲ್ಲಿ ಗ್ಲಾಸ್‌ಗೆ ಬಂದುಬಿಡುತ್ತದೆ.

ಇನ್ನೊಂದು, ಸ್ಟೌಟ್‌ನಲ್ಲಿ ಕಪ್ಪಗೆ ಹುರಿದ ಬಾರ್ಲಿ ಇರುತ್ತದೆ. ಅದಕ್ಕೇ ಒಂದು ಹುಳಿ, ಒಂದು ಕಹಿ ಇದೆ. ಅದರ ಮೇಲೆ ಲ್ಯಾಕ್ಟಿಕ್ ಹುಳಿ ಬಂದು ಕೂತರೆ ಎರಡೂ ಹೊಡೆದಾಡುತ್ತವೆ. ಕಾಫಿಗೆ ನಿಂಬೆಹಣ್ಣು ಹಿಂಡಿ ನೋಡಿ, ಗೊತ್ತಾಗುತ್ತದೆ.

ನನ್ನದೇ ಒಂದು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬೇರೆ ಕಡೆ. ಟ್ಯಾಂಕ್‌ನಿಂದ ಸ್ಯಾಂಪಲ್ ತೆಗೆಯುವ ಚಿಕ್ಕ ವಾಲ್ವ್‌ಗೆ ಪ್ರತಿ ಸಲ ಸ್ಪಿರಿಟ್ ಹೊಡೆಯಬೇಕು, ತೆಗೆದ ಮೇಲೂ ಹೊಡೆಯಬೇಕು. ಒಂದು ವಾರ ತೆಗೆದ ಮೇಲೆ ಹೊಡೆಯುವುದನ್ನು ಬಿಟ್ಟಿದ್ದೆ. ಹತ್ತು ದಿನಕ್ಕೆ ಟ್ಯಾಂಕ್‌ನಲ್ಲಿದ್ದ ಏಲ್ ಬಿಯರ್ ಹುಳಿ ಆಯಿತು. 1000 ಲೀಟರ್ ಚರಂಡಿಗೆ ಬಿಟ್ಟೆವು. ವಾಲ್ವ್ ತೆರೆದು ನಿಂತವನು ನಾನೇ, ಪೂರ್ತಿ ಖಾಲಿ ಆಗಲು ಬಹಳ ಹೊತ್ತು ಹಿಡಿಯಿತು. ಅದನ್ನು ಸವರ್ ಏಲ್, ಅಂದ್ರೆ ಹುಳಿ ಬಿಯರ್, ಅಂತ ಬೋರ್ಡ್ ಬರೆದು ಮಾರಬಹುದಿತ್ತು, ಹಾಗೆ ಅಂದವರೂ ಇದ್ದರು. ಅದು ಸುಳ್ಳಾಗುತ್ತಿತ್ತು.

ಇಲಿನಾಯ್_ಕನ್ನಡಿಗ:

ಶಿಕಾಗೋ ಕಡೆಯಿಂದ ಬರೆಯುತ್ತಿದ್ದೇನೆ. ಇದೇ ಮಾತು ಇಲ್ಲಿ ದೊಡ್ಡ ಮಟ್ಟದಲ್ಲಿ ನಡೆದಿತ್ತು, ಅದನ್ನು ಇಲ್ಲಿ ಹೇಳಲೇಬೇಕು.

ಈ ಊರಿನ ಗೂಸ್ ಐಲ್ಯಾಂಡ್ ಬ್ರೂವರಿಯ ಬೋರ್ಬನ್ ಕೌಂಟಿ ಸ್ಟೌಟ್ ಅಂದ್ರೆ ಜನ ಸಾಲು ನಿಂತು ತರುವಂಥದ್ದು. ಬೋರ್ಬನ್ ವಿಸ್ಕಿ ಇಟ್ಟಿದ್ದ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟು, ಪ್ರತಿ ವರ್ಷ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಮರುದಿನ ಬಿಡುತ್ತಾರೆ. ಆಲ್ಕೊಹಾಲ್ ಸುಮಾರು 14%. ಇಷ್ಟು ಗಟ್ಟಿ ಬಿಯರ್ ಕೆಡುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ, ವರ್ಷಗಟ್ಟಲೆ ಇಟ್ಟು ಕುಡಿಯುವ ಬಿಯರ್ ಅದು. 2015ರಲ್ಲಿ ಬಿಟ್ಟ ಕೆಲವು ಬಾಟಲಿಗಳು ಮನೆಮನೆಯಲ್ಲಿ ಹುಳಿ ಬಂದವು. ಮೊದಲು ಕಾಫಿ ಹಾಕಿದ ಸ್ಟೌಟ್ ಮತ್ತು ಬಾರ್ಲಿವೈನ್ ಅನ್ನುವ ಗಟ್ಟಿ ಬಿಯರ್, ಆಮೇಲೆ ಮೂಲ ಸ್ಟೌಟ್‌ನ ಕೆಲವು ತಾರೀಕಿನ ಬಾಟಲಿಗಳು ಕೂಡ. ಹುಡುಕಿದಾಗ ಸಿಕ್ಕಿದ್ದು ಲ್ಯಾಕ್ಟೋಬ್ಯಾಸಿಲಸ್ ಅಸಿಟೊಟಾಲರನ್ಸ್. ಅಷ್ಟು ಆಲ್ಕೊಹಾಲ್‌ನಲ್ಲೂ ಅದು ಬದುಕಿತ್ತು. ಬ್ರೂವರಿ 2016ರಲ್ಲಿ ತಾನಾಗಿ ಒಪ್ಪಿಕೊಂಡು ದುಡ್ಡು ವಾಪಸ್ ಕೊಟ್ಟಿತು. ಆ ವರ್ಷದಿಂದ ಬಾಟಲಿಗೆ ತುಂಬುವ ಮೊದಲು ಬಿಯರನ್ನು ಸ್ವಲ್ಪ ಹೊತ್ತು ಬಿಸಿ ಮಾಡಿ ತಣಿಸುವ ಫ್ಲ್ಯಾಶ್ ಪಾಶ್ಚರೀಕರಣ ಶುರು ಮಾಡಿದರು.

ನನಗೆ ಇದರಲ್ಲಿ ಮನಸ್ಸಿಗೆ ನಾಟಿದ್ದು ಒಂದೇ. ಈ ಬ್ಯಾಕ್ಟೀರಿಯಾ ಬಹಳ ನಿಧಾನ ಬೆಳೆಯುತ್ತದೆ. ತುಂಬುವ ದಿನ ರುಚಿ ನೋಡಿದರೆ ಏನೂ ತಿಳಿಯುವುದಿಲ್ಲ, ಮೊದಲ ವಾರ ಕುಡಿದವರಿಗೂ ಚೆನ್ನಾಗಿಯೇ ಇರುತ್ತದೆ, ಕಾಯುತ್ತಾ ಕಾಯುತ್ತಾ ಹುಳಿ ಏರುತ್ತದೆ. ಹಾಗಾಗಿ ಒಬ್ಬ ಚೆನ್ನಾಗಿದೆ ಅಂದ, ಇನ್ನೊಬ್ಬ ಕೆಟ್ಟಿದೆ ಅಂದ ಅಂದ್ರೆ ಇಬ್ಬರದೂ ನಿಜ ಇರಬಹುದು. ಇಬ್ಬರೂ ಬಾಟಲಿ ಮೇಲಿನ ತಾರೀಕು ಬರೆದು, ಯಾವತ್ತು ತೆಗೆದೆ ಅಂತಲೂ ಬರೆದರೆ ಮಾತ್ರ ಬ್ರೂವರಿಗೆ ಉಪಯೋಗ. ಕಪ್ಪುನೊರೆ ಅವರೇ, ನೀವು ವಾರ, ಹೊತ್ತು, ಎರಡನೇ ಗ್ಲಾಸ್, ಎಲ್ಲ ಬರೆದಿದ್ದೀರಿ. ಅದನ್ನೇ ಅವರಿಗೂ ಹೇಳಿ.

ಕಪ್ಪುನೊರೆ:

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ, ಯಾಕಂದ್ರೆ ಮತ್ತೆ ಮಂಗಳವಾರವೇ ಹೋಗಬೇಕು ಅಂತಿತ್ತು. ಅರ್ಧ ದಿನ ರಜೆ ಹಾಕಿ ಹೋದೆ, ಗೆಳೆಯನೂ ಬಂದ.

ಬಾಗಿಲು ತೆಗೆದ ಕೂಡಲೇ ಸ್ಟೌಟ್‌ನ ಚಿಕ್ಕ ಗ್ಲಾಸ್ ಕೇಳಿದೆ. ಮತ್ತೆ ಅದೇ ಬೆಣ್ಣೆ, ಅದೇ ಹುಳಿ, ಈ ಸಲ ಇನ್ನೂ ಜೋರು. ಕುಡಿಯಲಿಲ್ಲ. ಮ್ಯಾನೇಜರ್‌ನ ಕರೆದು, ಬ್ರೂವರ್ ಇದ್ದರೆ ಒಂದು ನಿಮಿಷ ಮಾತಾಡಬಹುದಾ ಅಂತ ಕೇಳಿದೆ. ಬಂದವರು ಚಿಕ್ಕ ವಯಸ್ಸಿನ ಹುಡುಗಿ, ಕಾಲಲ್ಲಿ ಗಮ್‌ಬೂಟು, ಕೈ ಒದ್ದೆ. ನಾನು ಹೋದ ವಾರದ್ದು, ಇವತ್ತಿನದು ಎರಡೂ ಹೇಳಿದೆ. ಅವರು ಮಾತಾಡದೆ ಗ್ಲಾಸ್ ತೆಗೆದುಕೊಂಡು ಮೂಸಿದರು. ಅಂಗೈಯಿಂದ ಗ್ಲಾಸ್ ಮುಚ್ಚಿ, ಸ್ವಲ್ಪ ಅಲ್ಲಾಡಿಸಿ, ಇನ್ನೊಮ್ಮೆ ಮೂಸಿದರು. ‘ಹೌದು’ ಅಂದರು, ಅಷ್ಟೇ.

ಆಮೇಲೆ ಟ್ಯಾಂಕ್‌ನಿಂದ ನೇರ ಒಂದು ಗ್ಲಾಸ್ ತಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದೆವು. ಟ್ಯಾಂಕ್‌ನದು ನನ್ನ ಹಳೇ ಸ್ಟೌಟ್, ಕಾಫಿಬೀಜ, ಚಾಕೊಲೇಟ್, ಎಲ್ಲ ಇದೆ. ನಿಜ ಹೇಳಬೇಕು ಅಂದ್ರೆ ನನಗೆ ಬಹಳ ಸಮಾಧಾನ ಆಯಿತು. ನಮ್ಮೆದುರೇ ಸ್ಪ್ಯಾನರ್ ತಂದು ಟ್ಯಾಪ್ ಬಿಚ್ಚಿದರು. ಮೂತಿಯ ಒಳಗೆ ಕಂದು ಬಣ್ಣದ ಲೋಳೆ. ನೀರಿನ ಬಾಟಲಿಯ ಮುಚ್ಚಳದ ಸುರುಳಿಯಲ್ಲಿ ಕಟ್ಟುತ್ತಲ್ಲ, ಬೆರಳಲ್ಲಿ ಮುಟ್ಟಿದರೆ ಜಾರುತ್ತದೆ, ಅಂಥದ್ದು. ಒಳಗಿನ ರಬ್ಬರ್ ವಾಷರ್ ಒಂದು ಕಡೆ ಸೀಳಿತ್ತು, ಸೀಳಿನಲ್ಲಿ ಜಾಸ್ತಿ. ಮೂಸಿದರೆ ವಿನೆಗರ್. ಲೈನ್‌ಗೆ ಪ್ರತಿ ಎರಡನೇ ಸೋಮವಾರ ಕಾಸ್ಟಿಕ್ ಓಡಿಸುತ್ತಾರಂತೆ, ಟ್ಯಾಪ್ ಮಾತ್ರ ಬಿಚ್ಚಿರಲಿಲ್ಲವಂತೆ. ಅಲ್ಲೇ ಆ ಟ್ಯಾಪ್‌ಗೆ ಬಟ್ಟೆ ಕಟ್ಟಿ ಬಂದ್ ಮಾಡಿದರು. ಕಳೆದ ಸಲದ ದುಡ್ಡು ಕೊಡಲು ಬಂದರು, ನಾನು ಬೇಡ ಅಂದೆ.

ಗೆಳೆಯನಿಗೆ ಪಕ್ಕಪಕ್ಕ ಇಟ್ಟಾಗಲೂ ಹುಳಿ ಗೊತ್ತಾಯಿತು, ಬೆಣ್ಣೆ ಗೊತ್ತಾಗಲೇ ಇಲ್ಲ. ಮೂರು ಸಲ ಮೂಸಿದ. ನೀವು ಹೇಳಿದ್ದು ಸರಿ.

ಮಾಲ್ಟ್‌ಮನೆ:

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ಗಿರಾಕಿ ಮುಂದೆ ಟ್ಯಾಪ್ ಬಿಚ್ಚುವುದಕ್ಕೆ ಧೈರ್ಯ ಬೇಕು.

ಒಂದು ಕೇಳಬೇಕಿತ್ತು. ಸೀಳಿದ ವಾಷರ್ ಬದಲಾಯಿಸಿದರಾ, ತೊಳೆದು ಅದನ್ನೇ ಹಾಕಿದರಾ? ಸೀಳಿನೊಳಗೆ ಕಾಸ್ಟಿಕ್ ಸರಿಯಾಗಿ ಇಳಿಯುವುದಿಲ್ಲ. ಅದನ್ನೇ ಹಾಕಿದರೆ ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ. ಪಕ್ಕದ ಟ್ಯಾಪ್‌ಗಳದ್ದೂ ನೋಡಲು ಹೇಳಿ, ಒಂದೇ ಸಲ ಹಾಕಿದ ವಾಷರ್‌ಗಳು ಹೆಚ್ಚುಕಮ್ಮಿ ಒಂದೇ ಸಲ ಹೋಗುತ್ತವೆ.

ಕಪ್ಪುನೊರೆ:

ಹೊಸದು ತರಿಸುತ್ತೇವೆ ಅಂದಿದ್ದರು. ಪಕ್ಕದ ಟ್ಯಾಪ್‌ಗಳ ವಿಷಯ ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ಮುಂದಿನ ಮಂಗಳವಾರ ಮತ್ತೆ ಮೊದಲ ಗ್ಲಾಸ್ ಕುಡಿದು ಬಂದು ಇಲ್ಲೇ ಬರೆಯುತ್ತೇನೆ.